ಟಿಕ್ ಎಂದ ಮೇಲೆ

ನಮ್ಮ ಮಾವ ಬಳ್ಳಾರಿ ಕಡೆಯವರು. ಕೆಲಸಕ್ಕೆಂದು ವಿಜಯವಾಡಕ್ಕೆ ಬಂದು, ಅಲ್ಲೇ ಮದುವೆಯಾಗಿ, ಅಲ್ಲೇ ಉಳಿದವರು. ಅತ್ತೆ ತೆಲುಗಿನವರು. ನನ್ನ ಗಂಡನ ಕನ್ನಡ ಊಟ ತಿಂಡಿಯ ಆಚೆಗೆ ಹೋಗುವುದಿಲ್ಲ. ಮಗಳು ನಿದ್ದೆಯಲ್ಲಿ ಕನವರಿಸುವುದೂ ತೆಲುಗಿನಲ್ಲೇ. ಹೀಗಾಗಿ ದಾವಣಗೆರೆಯಿಂದ ಬಂದ ನನಗೆ ಮನಸಾರೆ ಕನ್ನಡದಲ್ಲಿ ಜಗಳವಾಡಲು ಸಿಕ್ಕವರು ಮಾವ ಒಬ್ಬರೇ. ಆ ಒಬ್ಬರೂ ಒಂದು ವರ್ಷದಿಂದ ಮಾತು ಕಡಿಮೆ ಮಾಡಿಬಿಟ್ಟಿದ್ದರು. ನಾನು ವಿಶಾಖಪಟ್ಟಣದಿಂದ ಫೋನ್ ಮಾಡಿದರೆ "ಹ್ಞೂಂ, ಆರಾಮಮ್ಮ" ಎಂದಷ್ಟೇ ಹೇಳಿ ಅತ್ತೆಯ ಕೈಗೆ ದಾಟಿಸುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವರೇ ಮಾತಾಡಲಿ ಎಂದು ನಾನೂ ಮುಖ ಬಿಗಿದುಕೊಂಡಿದ್ದೆ.

ಮಾತು ಬಿಟ್ಟು ಅವರು ಮಾಡುತ್ತಿದ್ದುದು ಇಂಜಿನ್ ಕೆಲಸ. ಹರೆಯದಲ್ಲಿ ರ‍್ಯಾಲಿಗಳಲ್ಲಿ ಓಡಿಸಿದ್ದ ಹಳೆಯ ಪುಟ್ಟ ಕಾರೊಂದು ಅವರ ಹತ್ತಿರ ಇತ್ತು. ಅದರ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ನು, ರೇಸಿಗೆ ಹಾಕುವಂಥ ಕ್ಯಾಮ್‌ಶಾಫ್ಟು ಕೂರಿಸಿ, ತಮ್ಮ ಕೈಯಾರೆ ಮತ್ತೆ ಕಟ್ಟಿದ್ದರು. ನನ್ನ ಗಂಡನಿಗೆ ಆ ಕಾರು ಕಂಡರಾಗದು. ಅಪ್ಪನಿಂದ ಇನ್ನು ಓಡಿಸಲು ಆಗದು ಎನಿಸಿದ ದಿನವೇ ಕಾರು ಮಾರಿಬಿಡುವುದು ಎಂದು ಮೊದಲೇ ಹೇಳಿಟ್ಟಿದ್ದರು. ಮಾವ ಅದಕ್ಕೆ ಉತ್ತರ ಕೊಡುವ ಹಾಗೆ ವಿಜಯವಾಡದಿಂದ ಒಬ್ಬರೇ ಹೆದ್ದಾರಿ ಹಿಡಿದು ಬಂದು, ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸಿದರು. ಮಗಳ ಪರೀಕ್ಷೆ ಮುಗಿದಿತ್ತು. ಮರುದಿನ ಮಧ್ಯಾಹ್ನ ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ವಾಪಸ್ ಹೋಗುವುದೆಂದು ತಾತ ಮೊಮ್ಮಗಳ ಒಪ್ಪಂದ.

ಹೊರಡುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ಹೊಸದಾಗಿ ಕಟ್ಟಿದ ಇಂಜಿನ್ ಮೊದಲ ಓಟ ಮುಗಿಸಿದಾಗ, ಅದರ ತಲೆಯ ಭಾಗದ ಕೆಳಗಿರುವ ಗ್ಯಾಸ್ಕೆಟ್ಟು ಎಂಬ ತೆಳು ಹಾಳೆ ಬಿಸಿಗೆ ಒಂದಿಷ್ಟು ಕುಗ್ಗಿ ಕೂತಿರುತ್ತದಂತೆ. ಆ ತಲೆಯನ್ನು ಹಿಡಿದಿಡುವ ಬೋಲ್ಟುಗಳ ಬಿಗಿ ಇಳಿದಿರುತ್ತದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಅವನ್ನು ಮತ್ತೆ ಬಿಗಿಯಬೇಕು. ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದು, ಕಾರು ತೆಗೆಯಿರಿ ಎಂದು ವಾಚ್‌ಮನ್ ಅವಸರ ಮಾಡಿದ. ಸ್ಟಾರ್ಟ್ ಮಾಡಿದರೆ ಇಂಜಿನ್ ಬಿಸಿಯಾಗುತ್ತದೆಂದು ಮಾವ ಒಪ್ಪಲಿಲ್ಲ. ಗಂಡ ಡ್ಯೂಟಿಗೆ ಹೋಗಿಯಾಗಿತ್ತು. ಕೊನೆಗೆ ನೈಟಿಯ ಮೇಲೆ ದುಪಟ್ಟಾ ಹೊದ್ದು ನಾನೇ ಹಿಂದಿನಿಂದ ತಳ್ಳಿದೆ. ಬಾಲ್ಕನಿಗಳಲ್ಲಿ ನಿಂತವರಿಗೆಲ್ಲ ಒಳ್ಳೆಯ ತಮಾಷೆ. ನಾನು ಗೊಣಗಿದ್ದಕ್ಕೆ ಮಾವ ಹ್ಞೂಂ ಎನ್ನಲೂ ಇಲ್ಲ.

ಬೋಲ್ಟು ಬಿಗಿಯಲು ಉದ್ದ ಹಿಡಿಯ ಟಾರ್ಕ್ ರೆಂಚ್ ಇರುತ್ತದೆ. ಎಷ್ಟು ಬಿಗಿ ಬೇಕೆಂದು ಅದರಲ್ಲಿ ತಿರುಗಿಸಿಟ್ಟರೆ, ಅಷ್ಟಾದ ಕೂಡಲೇ ಅದು ಟಿಕ್ ಎನ್ನುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ನಾನು ಔಷಧ ಕಾರ್ಖಾನೆಯಲ್ಲಿ ಸಿರಪ್ ಬಾಟಲಿಯ ಮುಚ್ಚಳಗಳ ಬಿಗಿ ಪರೀಕ್ಷಿಸುವವಳು. ಹಾಗಾಗಿ ಕುತೂಹಲದಿಂದ ನೋಡುತ್ತ ನಿಂತೆ. ಮಾವ ನಡುವಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ, ರೆಂಚ್ ಕೂರಿಸಿ ಎಳೆದರು. ಟಿಕ್ ಎಂದಿತು. ಅವರು ಇನ್ನೂ ಎಳೆಯುತ್ತಿದ್ದರು.

"ಮಾವ, ಆಯ್ತು."

ನಿಲ್ಲಿಸಲಿಲ್ಲ. ಬಾಟಲಿಯ ಮುಚ್ಚಳವಾದರೆ ಬಿರಿದು ಹೋಗುತ್ತದೆ, ಅಷ್ಟೇ. ಇಲ್ಲಿ ಬೋಲ್ಟು ಹಿಗ್ಗಿದರೆ ಇಂಜಿನ್ನೇ ಹಾಳು. ಕೂಗಿದೆ. ಆಗಲೂ ಕೈ ನಿಲ್ಲದಾಗ ಬಗ್ಗಿ ಅವರ ಮಣಿಕಟ್ಟು ಹಿಡಿದುಕೊಂಡೆ. ಅವರು ಬೆಚ್ಚಿ ನನ್ನ ಮುಖ ನೋಡಿದರು. ಕಣ್ಣು ನೋಡಲಿಲ್ಲ, ಬಾಯಿ ನೋಡಿದರು.

"ಟಿಕ್ ಅಂತು ಮಾವ. ಕೇಳಿಸ್ಲಿಲ್ವಾ?"

ರೆಂಚನ್ನು ನಿಧಾನವಾಗಿ ಕೆಳಗಿಟ್ಟರು. ಸದ್ದು ಕೇಳದಿದ್ದರೂ ಅಂಗೈಗೆ ಒಂದು ಸಣ್ಣ ಹೊಡೆತ ಗೊತ್ತಾಗುತ್ತದಂತೆ. ಆದರೆ ಸಕ್ಕರೆ ಕಾಯಿಲೆಯಿಂದ ಬೆರಳುಗಳು ಜೋಮು ಹಿಡಿದ ಹಾಗೆಯೇ ಇರುತ್ತವೆ ಎಂದರು.

"ಕಿವಿ ಎಷ್ಟು ದಿನದಿಂದ ಹೀಗೆ?"

"ಸುಮಾರು ದಿನ ಆತು."

"ಅದಕ್ಕೇನಾ ನನ್ನ ಜೊತೆ ಮಾತಾಡ್ತಾ ಇರ್ಲಿಲ್ಲ?"

"ಫೋನಾಗೆ ನಿನ್ನ ಬಾಯಿ ಕಾಣಂಗಿಲ್ಲ ಅಲ್ಲಮ್ಮ."

ಒಂದು ವರ್ಷದ ಕೋಪ ಆ ಒಂದು ಮಾತಿಗೆ ಎಲ್ಲಿ ಹೋಯಿತೋ. ಅಳು ಬಂತು. ಅಳುವಿನ ಬೆನ್ನಿಗೇ ಇನ್ನೊಂದು ಯೋಚನೆ ಬಂತು.

"ನಿನ್ನೆ ಅಷ್ಟು ದೂರ ಬಂದ್ರಲ್ಲ, ಲಾರಿ ಹಾರ್ನು?"

"ಕನ್ನಡಿ ನೋಡ್ಕೆಂತ ಬಂದೆ," ಎಂದರು. ರೆಂಚನ್ನು ಮತ್ತೆ ಕೈಗೆತ್ತಿಕೊಂಡು, "ನಿನ್ ಗಂಡಗೆ ಹೇಳಬ್ಯಾಡ. ಮಾರಿಬಿಡ್ತಾನೆ," ಎಂದರು.

ಅವರು ರೆಂಚನ್ನು ನನ್ನ ಕಡೆ ಚಾಚಿದರು. "ನೀನು ಎಳಿ. ಯಾವುದಾದ ಮ್ಯಾಲೆ ಯಾವುದು ಅಂತ ನಾನು ತೋರಿಸ್ತೀನಿ."

ಜಾಸ್ತಿ ಬಿಗಿದಿದ್ದ ಬೋಲ್ಟನ್ನು ಮೊದಲು ಬಿಚ್ಚಿಸಿ, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಅದರ ತಿರುಪಿನ ಗೆರೆಗಳನ್ನು ನೋಡಿದರು. ಏನೂ ಆಗಿರಲಿಲ್ಲ. ಆಮೇಲೆ ನಡುವಿನಿಂದ ಶುರುಮಾಡಿ, ಅತ್ತ ಒಂದು ಇತ್ತ ಒಂದು, ಅವರು ಬೆರಳಿಟ್ಟು ತೋರಿಸಿದ ಹಾಗೆ ಎಳೆಯುತ್ತ ಹೋದೆ. ಪ್ರತಿ ಸಲ ಟಿಕ್ ಎಂದಾಗ ತಲೆಯಾಡಿಸಿ ತಿಳಿಸುತ್ತಿದ್ದೆ. ತೋಳು ಸೋತು ಬಂತು. ಕೈ ಕೆಲಸದಲ್ಲಿತ್ತು, ತಲೆಯಲ್ಲಿ ಮಾತ್ರ ಆ ಪಕ್ಕದ ಸೀಟೇ ಇತ್ತು. ಮಗಳನ್ನು ಅಲ್ಲಿ ಕೂರಿಸಲಾರೆ. ಅದನ್ನು ಇವರಿಗೆ ಯಾವ ಬಾಯಲ್ಲಿ ಹೇಳಲಿ?

ವಾಲ್ವುಗಳ ಸಂದು ಸರಿಮಾಡಿ ಮಾವ ಇಂಜಿನ್ನಿನ ಮುಚ್ಚಳ ಹಾಕುತ್ತಿದ್ದಾಗ ಮಗಳು ಬ್ಯಾಗು ಬೆನ್ನಿಗೇರಿಸಿ ಕೆಳಗೆ ಬಂದಳು. ಅವರ ಬೆನ್ನ ಹಿಂದೆಯೇ ನಿಂತು "ತಾತಾ" ಎಂದಳು. ಇನ್ನೊಮ್ಮೆ "ತಾತಾ" ಎಂದಳು. ಅವರು ನಟ್ಟು ತಿರುಗಿಸುತ್ತಲೇ ಇದ್ದರು. ನಾನು ಅವಳನ್ನೇ ನೋಡುತ್ತಿದ್ದುದನ್ನು ಕಂಡು ಆಮೇಲೆ ತಿರುಗಿದರು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಾಳೆಂದು ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

ಕೈ ಒರೆಸಿಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. ತೆಲುಗಿನಲ್ಲಿ, ಇಂಜಿನ್ ಸರಿಯಾಗಿಲ್ಲಮ್ಮ, ನಾವಿಬ್ಬರೂ ರೈಲಿನಲ್ಲಿ ಹೋಗೋಣ, ಕಿಟಕಿ ಪಕ್ಕದ ಸೀಟು ನಿನಗೇ ಎಂದರು. ತಮ್ಮ ಇಂಜಿನ್ನಿನ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ. ಮಗಳು ನಂಬದೆ ನನ್ನತ್ತ ತಿರುಗಿದಳು. ಈಗಷ್ಟೇ ಒಂದೊಂದು ಬೋಲ್ಟನ್ನೂ ಕೈಯಾರೆ ಬಿಗಿದಿದ್ದ ನಾನು, ಹೌದು, ಸರಿಯಾಗಿಲ್ಲ ಎಂದೆ.

ಅವಳು ಮುಖ ಊದಿಸಿಕೊಂಡು ಮೇಲೆ ಹೋದಳು. ಮಾವ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವರು ಇಳಿದು ಬಂದು ಅದರ ಮೇಲೆ ಅಂಗೈ ಇಟ್ಟು ನಿಂತರು.

"ಹೆಂಗೈತಮ್ಮ ಸದ್ದು?" ಎಂದು ಕೇಳಿದರು.

ಇಂಜಿನ್ನಿನ ಸದ್ದಿನಲ್ಲಿ ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ನನಗೇನು ಗೊತ್ತು? ಆದರೂ ಅವರಿಗೆ ನನ್ನ ಬಾಯಿ ಕಾಣುವ ಹಾಗೆ ಎದುರಿಗೆ ಹೋಗಿ ನಿಂತುಕೊಂಡೆ. ಕೇಳಿಸಿದ್ದನ್ನೆಲ್ಲ ಒಂದೂ ಬಿಡದೆ, ನಿಧಾನವಾಗಿ, ಕನ್ನಡದಲ್ಲಿ ಹೇಳತೊಡಗಿದೆ.