ಅಕ್ಕನ ಎರಡು ಬೆರಳು

ಅರ್ಜಿ ಫಾರಂನಲ್ಲಿ ವಯಸ್ಸಿನ ಮಿತಿ ಇರಲಿಲ್ಲ, ಅದೊಂದೇ ಧೈರ್ಯ. ಕಳೆದ ಬೇಸಿಗೆಯಲ್ಲಿ ಹಾಸನದ ಹಳೆಯ ಗೋಡೌನೊಂದರಲ್ಲಿ ನಾಲ್ಕು ವಾರದ ಕೋರ್ಸ್ ನಡೆಯಿತು: ಎಕ್ಸ್‌ಪೆರಿಮೆಂಟಲ್ ಅನಿಮೇಷನ್ ಮತ್ತು ಇನ್‌ಸ್ಟಲೇಷನ್ ಆರ್ಟ್, ಅಂದರೆ ಚಿತ್ರಗಳು ಚಲಿಸುವಂತೆ ಮಾಡುವುದು, ಒಂದು ಜಾಗವನ್ನೇ ಕಲಾಕೃತಿಯಾಗಿಸುವುದು. ಮನೆಯಲ್ಲಿ ಒಂದು ಕಡೆ ಕೂರಲಾಗದೆ ಸೇರಿಕೊಂಡೆ. ಉಳಿದವರೆಲ್ಲ ಕಾಲೇಜಿನ ಮಕ್ಕಳು. ಮೊದಲ ದಿನ, ಯಾರನ್ನೋ ಬಿಡಲು ಬಂದ ಅಜ್ಜಿ ಅಂದುಕೊಂಡು ನನಗೆ ಹೊರಗಿನ ಬೆಂಚು ತೋರಿಸಿದರು.

ಕಲಿಸುವ ಹುಡುಗಿ ಕೊಟ್ಟ ಅಸೈನ್‌ಮೆಂಟ್ ಇಷ್ಟೇ: ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ನಡಿಗೆಯನ್ನು ಚಿತ್ರದಲ್ಲಿ ತನ್ನಿ. ನಾನು ತಕ್ಷಣ ಅಕ್ಕ ಅಂದೆ. ಚಿಕ್ಕವರಿದ್ದಾಗ ತಿಪಟೂರಿನ ಸೋದರಮಾವನ ಮನೆಯಿಂದ ಅರಕಲಗೂಡಿಗೆ ವಾಪಸಾಗುವಾಗ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುತ್ತಿದ್ದೆವು. ನಾನು ಇಳಿದು ಲಂಗ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಮುಂದಿನ ಬಸ್ಸು ಹತ್ತಿ, ಸೀಟಿನ ಮೇಲೆ ಕರ್ಚೀಫು ಹಾಕಿ, ಕಿಟಕಿಯಿಂದ ನನ್ನನ್ನೇ ಬೈಯುತ್ತಿರುತ್ತಿದ್ದಳು. ಯಾರಿಗೂ ಕಾಯುವ ನಡಿಗೆಯಲ್ಲ ಅದು.

ಇಪ್ಪತ್ತನಾಲ್ಕು ಹಾಳೆಯಲ್ಲಿ ಅವಳ ನಡಿಗೆಯ ಚಿತ್ರ ಬರೆದು ಸರಸರ ತಿರುವಿದರೆ ಅಕ್ಕ ಬರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮನ್ನು ಕೈ ಹಿಂದೆ ಕಟ್ಟಿಸಿ, ‘ವಾಕ್, ಗರ್ಲ್ಸ್, ಡೋಂಟ್ ರನ್’ ಎನ್ನುತ್ತಾ ಸಾಲಿನಲ್ಲಿ ನಡೆಸುತ್ತಿದ್ದರಲ್ಲ, ಆ ನಡಿಗೆ ಬಂತು. ನನ್ನ ಗೊಂಬೆ ಮಾರ್ನಿಂಗ್ ಅಸೆಂಬ್ಲಿಗೆ ಹೊರಟಿತ್ತು. ಮತ್ತೆ ಬರೆದೆ, ಮತ್ತೂ ಅದೇ. ನಿಜವಾದ ಅಕ್ಕನನ್ನು ನೋಡಿ ಬರೆಯೋಣವೆಂದರೆ ಅವಳು ನಡೆಯುವುದನ್ನೇ ಬಿಟ್ಟಿದ್ದಳು.

ಹೊಳೆನರಸೀಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ ಅಕ್ಕ. ಆ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಮೂಳೆ ಕೂಡಿದೆ, ಈಗ ನಡೆಯದಿದ್ದರೆ ಮುಂದೆ ಕಷ್ಟ ಎಂದು ಡಾಕ್ಟರು ಹೇಳಿಯಾಗಿತ್ತು. ಅಕ್ಕ ಏಳಲಿಲ್ಲ. ವಾಕರ್ ಗೋಡೆಗೆ ಒರಗಿತ್ತು, ಅದರ ಮೇಲೆ ಟವೆಲು ಒಣಗುತ್ತಿತ್ತು.

ಕ್ಲಾಸು ಮುಗಿದ ಕೂಡಲೇ ಹೊಳೆನರಸೀಪುರದ ಬಸ್ಸು, ಸಂಜೆ ಮತ್ತೆ ಹಾಸನ. ಅಲ್ಲಿದ್ದಾಗ ಇಲ್ಲಿಯ ಯೋಚನೆ, ಇಲ್ಲಿದ್ದಾಗ ಅಲ್ಲಿಯದು. ನಾಲ್ಕು ಹೆಜ್ಜೆ ಹಾಕು, ಫೋಟೋ ತೆಗೆಯುತ್ತೇನೆ ಎಂದು ಗೋಗರೆದೆ.

“ನನ್ನ ಕುಂಟೋ ಕಾಲನ್ನ ಹಾಸನದೋರಿಗೆಲ್ಲ ತೋರಿಸ್ಬೇಕಾ? ಬೇಡ ಕಣೇ,” ಅಂದಳು. ಆಮೇಲೆ ನನ್ನ ಹಾಳೆಗಳನ್ನು ನೋಡಿ ನಕ್ಕು, “ಹೀಗೆಲ್ಲಿ ನಡೀತಿದ್ದೆ ನಾನು? ಹೀಗೆ,” ಎಂದು ಬಲಗೈಯ ಎರಡು ಬೆರಳನ್ನು ಬೆಡ್‌ಶೀಟಿನ ಮೇಲೆ ನಡೆಸಿದಳು. ಅದು ಅಕ್ಕನೇ. ಬಸ್ ಸ್ಟ್ಯಾಂಡಿನ ಅಕ್ಕ.

ಮಾರನೆಯ ದಿನದಿಂದ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಶುರುಮಾಡಿದೆವು. ಬೆರಳು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ. ಮತ್ತೆ ಸರಿಸುವುದು, ಮತ್ತೊಂದು; ಎಲ್ಲವನ್ನೂ ಸಾಲಾಗಿ ಓಡಿಸಿದರೆ ಬೆರಳು ತಾನೇ ನಡೆಯುತ್ತದೆ. ಒಂದು ಹೆಜ್ಜೆಗೆ ಆರು ಫೋಟೋ. ತನ್ನ ಮದುವೆಯ ಸಪ್ತಪದಿಗೂ ಇಷ್ಟು ಫೋಟೋ ತೆಗೆದಿರಲಿಲ್ಲ ಎಂದು ಅಕ್ಕ ಗೊಣಗಿದಳು. ಆದರೆ ಮೂರು ಗಂಟೆಗೇ ಕಣ್ಣು ಬಾಗಿಲ ಕಡೆ ಇರುತ್ತಿತ್ತಂತೆ, ಅವಳ ಮಗಳು ಹೇಳಿದ್ದು.

ಬೆಡ್‌ಶೀಟಿನ ಮಧ್ಯೆ ಇಸ್ತ್ರಿಯ ಮಡಿಕೆ ಎದ್ದು ನಿಂತಿತ್ತು. ಬೆರಳು ಅಲ್ಲಿಗೆ ಬಂದು ನಿಂತಿತು. ಮುಂದಕ್ಕೆ ಅಂದೆ. ನಾಳೆ ಅಂದಳು. ಮಾರನೆಯ ದಿನವೂ ಅಲ್ಲೇ ನಿಂತು ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಮಡಿಕೆ ಸವರಿ ಅಳಿಸಲು ಹೋದರೆ ನನ್ನ ಕೈಗೆ ಹೊಡೆದಳು: “ಹೊಸ್ತಿಲು ಹೊಸ್ತಿಲೇ. ನೀನು ಅಳಿಸಿದ್ರೆ ಹೋಗತ್ತಾ?”

ಕೋರ್ಸ್ ಮುಗಿಯಿತು, ಬೆರಳು ದಾಟಲಿಲ್ಲ. ಕೊನೆಯ ದಿನದ ಪ್ರದರ್ಶನಕ್ಕೆ ಅದೇ ಬೆಡ್‌ಶೀಟನ್ನು ಕೇಳಿ ತಂದು, ಗೋಡೌನಿನ ಎರಡು ಕೋಣೆಗಳ ನಡುವೆ ಪರದೆಯ ಹಾಗೆ ಇಳಿಬಿಟ್ಟು, ಅದರ ಮೇಲೆ ಫಿಲ್ಮ್ ಬಿಟ್ಟೆವು. ಆಳೆತ್ತರದ ಎರಡು ಬೆರಳು ಬಿರಬಿರನೆ ಬಂದು, ಮಡಿಕೆಯ ಹತ್ತಿರ ನಿಂತು, ನಿಂತೇ ಇದ್ದು, ಮತ್ತೆ ಮೊದಲಿಂದ. ಆಚೆ ಕೋಣೆಗೆ ಹೋಗುವವರು ಶೀಟನ್ನು ಸರಿಸಿಯೇ ಹೋಗಬೇಕು. ಹುಡುಗರು ಸರಿಸಿಕೊಂಡು ಹೋದರು. ಮಗಳ ಕೆಲಸ ನೋಡಲು ಸಾಲಗಾಮೆಯಿಂದ ಬಂದಿದ್ದ ಹೆಂಗಸೊಬ್ಬಳು ಮಾತ್ರ ಅಂಚು ಹಿಡಿದು ನಿಂತಳು. ಮೂರು ಸಲ ನೋಡಿದಳು. ನಾಲ್ಕನೆಯ ಸಲ ಬೆರಳು ನಿಂತಾಗ ಮೆಲ್ಲಗೆ, “ದಾಟವ್ವ. ಏನೂ ಆಗಕ್ಕಿಲ್ಲ ಕಣ,” ಅಂದಳು.

ನನಗೆ ಅಲ್ಲಿ ಇನ್ನು ನಿಲ್ಲಲಾಗಲಿಲ್ಲ. ಸರ್ಟಿಫಿಕೇಟು ಕೊಡುವುದಕ್ಕೂ ಕಾಯದೆ ಬಸ್ಸು ಹತ್ತಿದೆ.

ಅಕ್ಕ ಎಲ್ಲ ಕೇಳಿಸಿಕೊಂಡಳು. ಆ ಹೆಂಗಸು ಹೇಳಿದ್ದನ್ನು ಇನ್ನೊಂದು ಸಲ ಹೇಳಿಸಿದಳು. ಹಾಸಿಗೆಯ ಮೇಲೆ ಬೇರೆ ಬೆಡ್‌ಶೀಟಿತ್ತು, ಹೂವಿನದು. ಅದನ್ನು ಚಿವುಟಿ, ಎತ್ತಿ, ತಾನೇ ಒಂದು ಮಡಿಕೆ ಮಾಡಿದಳು. ನಾನು ಗಡಿಬಿಡಿಯಲ್ಲಿ ಬ್ಯಾಗು ತಡಕಿ ಫೋನು ಹುಡುಕತೊಡಗಿದೆ. ಕನ್ನಡಕ, ಬಸ್ ಟಿಕೆಟ್ಟು, ನೀರಿನ ಬಾಟಲಿ ಎಲ್ಲ ಕೈಗೆ ಬಂತು, ಅದೊಂದು ಬಿಟ್ಟು.

“ತಡಿಯೇ ಅಕ್ಕ, ಇನ್ನೂ ತೆಗೀಲಿಲ್ಲ ನಾನು.”

“ನೀನು ತೆಗೀಲಿಲ್ಲಾಂದ್ರೆ ಬಿಡು,” ಅಂದಳು ಅಕ್ಕ. “ನಾನು ದಾಟಾಯ್ತು.”

ತಲೆಯೆತ್ತಿದಾಗ ಎರಡು ಬೆರಳು ಮಡಿಕೆಯ ಆಚೆ ನಿಂತಿದ್ದವು.