ಹಲಗೆ ಕಾರ್ಖಾನೆಯ ಕಾವಲುಗಾರ

ಯಾವ ಸೀಮೆಗೆ ಎಷ್ಟು ಬೆಲೆ ಅನ್ನುವುದು ದೇಶಕ್ಕೆ ಗೊತ್ತಾಗುವುದು ಯುದ್ಧ ಬಂದಾಗ. ಅಲ್ಲಿಯವರೆಗೆ ಎಲ್ಲ ಊರುಗಳೂ ತಾಯ್ನಾಡಿನ ಮುದ್ದಿನ ಮಕ್ಕಳೇ. ಪ್ಲೊಯೆಶ್ತ್ ಪಟ್ಟಣದಲ್ಲಿ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಳಿದ್ದವು. ಆದ್ದರಿಂದ ಅದಕ್ಕೆ ಫಿರಂಗಿ, ಸೈರನ್, ಅಡಗಿಕೊಳ್ಳಲು ಗಟ್ಟಿ ನೆಲಮಾಳಿಗೆ, ಜೊತೆಗೆ ನಾಕು ಜನ ಜನರಲ್‌ಗಳು. ಬೆಟ್ಟದ ಸೀಮೆಯಲ್ಲಿ ಕಬ್ಬಿಣ ಇತ್ತು, ಅದಕ್ಕೂ ಮರ್ಯಾದೆ. ಪಟ್ಟಣದ ಹತ್ತಿರದ ಹಳ್ಳಿ ಗುರೇನಿಯಲ್ಲಿ ಏನಿತ್ತು? ಮೆಕ್ಕೆಜೋಳ, ಪ್ಲಮ್ ಗಿಡಗಳು, ಮೊಣಕಾಲುದ್ದ ಕೆಸರು, ಮತ್ತೆ ಝಂಫಿರಳ ಗಂಡ ನ್ಯಾಗು.

ನ್ಯಾಗುವಿಗೆ ಎಡಗಿವಿ ಕೇಳುತ್ತಿರಲಿಲ್ಲ. ಎಣ್ಣೆ ಕಾರ್ಖಾನೆಯಲ್ಲಿ ಕೆಲಸ ಮಾಡಬೇಕು, ನೀಲಿ ಟೋಪಿ ಹಾಕಬೇಕು ಅನ್ನುವುದು ಅವನ ಜೀವಮಾನದ ಹುಚ್ಚು. ಮೂರು ಸಲ ಪಟ್ಟಣಕ್ಕೆ ಹೋಗಿ ಕೇಳಿದ. ಮೂರು ಸಲವೂ ಗೇಟಿನವನು ಎಡಗಿವಿಯ ಹತ್ತಿರ ಸಿಳ್ಳೆ ಊದಿ, "ಹೋಗಪ್ಪ, ಹಸು ಕಾಯಿ ಹೋಗು" ಅಂದ. ಅದೂ ನ್ಯಾಗುವಿಗೆ ಕೇಳಲಿಲ್ಲ, ಪಕ್ಕದವರು ಹೇಳಬೇಕಾಯಿತು. ಸೈನ್ಯದವರೂ ಅದೇ ಕಿವಿ ನೋಡಿ ಬೇಡ ಅಂದರು. ಝಂಫಿರ ಆ ಕಿವಿಗೆ ದಿನಾ ಕೈಮುಗಿಯುತ್ತಿದ್ದಳು. ಊರಿನ ಎಷ್ಟೋ ಹೆಂಗಸರ ಗಂಡಂದಿರು ರಷ್ಯಾದ ಹಿಮದಲ್ಲಿ ಉಳಿದುಹೋಗಿದ್ದರು. ಅವಳ ಗಂಡ ಮಾತ್ರ ಒಲೆಯ ಪಕ್ಕ ಕೂತು ಗೊಣಗುತ್ತಿದ್ದ.

ಅಷ್ಟರಲ್ಲಿ ಸರ್ಕಾರಕ್ಕೆ ಗುರೇನಿಯ ನೆನಪಾಯಿತು. ಮೆಕ್ಕೆಜೋಳದ ಕೊಯ್ಲು ಮುಗಿದ ವಾರ ವಲ್ಸಾನ್ ಅನ್ನುವ ಕ್ಯಾಪ್ಟನ್ ಲಾರಿ ತುಂಬ ಹಲಗೆ ತಂದ. ಬೋಳು ಹೊಲದಲ್ಲಿ ಹಲಗೆಯ ಎಣ್ಣೆ ಟ್ಯಾಂಕುಗಳು ಎದ್ದವು, ಹಲಗೆಯ ಕೊಳವೆಗಳು ಹರಿದವು, ಮಧ್ಯದಲ್ಲಿ ಹಲಗೆಗೆ ತಗಡು ಹೊದಿಸಿದ ಎತ್ತರದ ಚಿಮಣಿ ನಿಂತಿತು. ಎಲ್ಲಕ್ಕೂ ಬೂದು ಬಣ್ಣ. ಮೇಲಿನಿಂದ ನೋಡಿದ ವಿಮಾನದವರು ಇದೇ ಎಣ್ಣೆ ಕಾರ್ಖಾನೆ ಅಂದುಕೊಂಡು ಬಾಂಬನ್ನು ಇಲ್ಲೇ ಹಾಕಿ ಹೋಗಬೇಕು. ನಿಜವಾದದ್ದು ಪಟ್ಟಣದಲ್ಲಿ ಸುಖವಾಗಿರಬೇಕು. ಗುರೇನಿಗೂ ಕೊನೆಗೆ ಕೈಗಾರಿಕೆ ಬಂತು ನೋಡಿ!

"ಇಷ್ಟು ದಿನ ನಿಮ್ಮೂರು ಯಾವ ಲೆಕ್ಕಕ್ಕೂ ಇರ್ಲಿಲ್ಲ. ಈಗ ಇಡೀ ದೇಶದ ಭಾರ ನಿಮ್ಮ ಮೇಲಿದೆ" ಅಂದ ಕ್ಯಾಪ್ಟನ್.

"ಭಾರ ಮೇಲಿಂದಾನೇ ಬೀಳತ್ತಲ್ವಾ ಸ್ವಾಮಿ?" ಅಂದಳು ಝಂಫಿರ.

ಈ ಕಾರ್ಖಾನೆಗೆ ಒಬ್ಬ ಕಾವಲುಗಾರ ಬೇಕಿತ್ತು. ಒದ್ದೆ ಹುಲ್ಲು ಉರಿಸಿ ಚಿಮಣಿಯಲ್ಲಿ ಹೊಗೆ ಬರಿಸಬೇಕು, ವಿಮಾನ ಬಂದಾಗ ಇನ್ನೂ ಜೋರಾಗಿ ಬರಿಸಬೇಕು. ಇಲ್ಲಿ ಸಿಳ್ಳೆ ಇಲ್ಲ, ಆದ್ದರಿಂದ ಕಿವಿಯ ಪರೀಕ್ಷೆಯೂ ಇಲ್ಲ. ನ್ಯಾಗುವಿಗೆ ನೀಲಿ ಟೋಪಿ ಸಿಕ್ಕಿತು. ಅವನು ಅದನ್ನು ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ.

"ಏನ್ ಯಜಮಾನ್ರೇ, ಟೋಪಿಗೂ ಮುದ್ದೆ ಹಾಕ್ಲಾ?"

"ಆಡ್ಕೊಳ್ಳೇ, ಆಡ್ಕೋ. ಕಾರ್ಖಾನೆ ಮನುಷ್ಯನ ಹೆಂಡ್ತಿ ನೀನು. ಸ್ವಲ್ಪ ಘನತೆ ಇರ್ಲಿ."

"ಸುಳ್ಳು ಕಾರ್ಖಾನೆ ಕಣ್ರೀ ಅದು!"

"ಹೊಗೆ ಸುಳ್ಳಾ? ಹೋಗಿ ಮೂಗಿಟ್ಟು ನೋಡು."

ಹೊಗೆ ನಿಜವೇ ಆಗಿತ್ತು, ತೊಂದರೆ ಶುರುವಾದದ್ದೇ ಅಲ್ಲಿಂದ. ಕ್ರಿಸ್‌ಮಸ್‌ಗೆ ಹಂದಿ ಕೊಯ್ದಾಗ ನೆರೆಮನೆಯ ಪರಸ್ಕಿವ ಆ ಚಿಮಣಿಯನ್ನೇ ದಿಟ್ಟಿಸಿ ನೋಡಿದಳು. ಬೆಳಗಿನಿಂದ ಸಂಜೆತನಕ ಸರ್ಕಾರದ ಖರ್ಚಿನಲ್ಲಿ ಹೊಗೆ! ಮನೆಯಲ್ಲಿ ಸೌದೆ ಸುಟ್ಟು ಮಾಂಸಕ್ಕೆ ಹೊಗೆ ಹಾಕುವ ಕರ್ಮ ಯಾರಿಗೆ ಬೇಕು? ಮೊದಲು ಅವಳ ಹಂದಿಯ ಎರಡು ತೊಡೆಗಳು ಒಳಗೆ ತೂಗಿದವು. ವಾರದಲ್ಲಿ ಊರಿನ ಹಂದಿಗಳೆಲ್ಲ ಚಿಮಣಿಯಲ್ಲಿದ್ದವು. ಟ್ಯಾಂಕುಗಳಲ್ಲಿ ಇಲಿ ಬರುವುದಿಲ್ಲ ಅಂತ ಮೆಕ್ಕೆಜೋಳದ ತೆನೆಯನ್ನೂ ಅಲ್ಲೇ ತುಂಬಿದರು. ಪಾದ್ರಿ ಸ್ಪಿರಿದೋನ್ ತಮ್ಮ ಸಾಸೇಜುಗಳನ್ನು ನ್ಯಾಗುವಿನ ಕೈಗೆ ಕೊಟ್ಟು, ಕಾರ್ಖಾನೆಗೆ ಮಂತ್ರಜಲ ಚಿಮುಕಿಸಿ ಹೋದರು.

ಬಾಂಬ್ ಬೀಳಲಿ ಅಂತ ಕಟ್ಟಿದ ಜಾಗದಲ್ಲೇ ಊರಿನವರು ತಮ್ಮ ಅನ್ನ ಇಟ್ಟರು. ಬುದ್ಧಿ ಇರಲಿಲ್ಲವೇ ಅನ್ನಬೇಡಿ. ಗುರೇನಿ ಹುಟ್ಟಿದಾಗಿನಿಂದ ಯಾರೂ ಅಲ್ಲಿಗೆ ಏನನ್ನೂ ಕಳಿಸಿರಲಿಲ್ಲ. ಬಾಂಬು ಕಳಿಸುತ್ತಾರೆ ಅಂತ ನಂಬುವುದು ಹೇಗೆ?

ಝಂಫಿರ ಮಾತ್ರ ನಂಬಿದಳು. "ಬಿಟ್ಟುಬಿಡಿ ಈ ಕೆಲಸ, ನಿಮ್ಮ ಕಾಲಿಗೆ ಬೀಳ್ತೀನಿ. ನನಗೆ ಟೋಪಿ ಬೇಡ, ನೀವು ಬೇಕು" ಅಂತ ಅವನ ಬಲಗಿವಿಗೆ ದಿನಾ ಊದಿದಳು. ಅವನು ತಲೆ ತಿರುಗಿಸಿ ಎಡಗಿವಿ ಕೊಡುತ್ತಿದ್ದ.

ಈಸ್ಟರ್ ಹತ್ತಿರ ಬಂದಿತ್ತು. ಉಪವಾಸದ ವಾರಗಳಾದ್ದರಿಂದ ಯಾರೂ ಮಾಂಸ ಮುಟ್ಟಿರಲಿಲ್ಲ, ಚಿಮಣಿ ತುಂಬಿಯೇ ಇತ್ತು. ಒಂದು ಮಧ್ಯಾಹ್ನ ಪಟ್ಟಣದ ಕಡೆಯಿಂದ ಸೈರನ್ ಕೇಳಿತು. ಝಂಫಿರ ಬರಿಗಾಲಿನಲ್ಲಿ ಹೊಲಕ್ಕೆ ಓಡಿದಳು. ನ್ಯಾಗು ಕವೆಗೋಲಿನಿಂದ ಒದ್ದೆ ಹುಲ್ಲನ್ನು ಬೆಂಕಿಗೆ ತುರುಕುತ್ತಿದ್ದ, ಹೊಗೆ ಕಪ್ಪಗೆ ಮೇಲೇಳುತ್ತಿತ್ತು.

"ಬನ್ರೀ! ವಿಮಾನ ಬಂತು, ಬನ್ರೀ!"

"ನಾನು ಡ್ಯೂಟಿ ಮೇಲಿದೀನಿ ಕಣೇ."

"ನಿಮ್ಮ ಡ್ಯೂಟಿಗೆ ಬೆಂಕಿ ಹಾಕ!"

"ಅದನ್ನೇ ಹಾಕ್ತಿರೋದು. ನೀನು ಹೋಗು, ಹಳ್ಳದಲ್ಲಿ ಮಲಕ್ಕೋ. ಊರಿನ ಮಾಂಸಾನೂ ಇದೆಯಲ್ಲ, ಬಿಟ್ಟು ಬಂದ್ರೆ ಪರಸ್ಕಿವ ಸುಮ್ನಿರ್ತಾಳಾ?" ಅಂತ ನಕ್ಕ.

ಅವನ ತೋಳು ಹಿಡಿದು ಎಳೆದಳು. ಅವನು ಅವಳನ್ನು ದಬ್ಬಿದ, ಮದುವೆಯಾದ ಮೇಲೆ ಮೊದಲನೆಯ ಸಲ. ಅವಳು ಹಳ್ಳದಲ್ಲಿ ಮುಖ ಮುಚ್ಚಿ ಮಲಗಿದಳು.

ವಿಮಾನದವರು ಮೋಸಹೋದರು. ಎಲ್ಲರೂ ಅಲ್ಲ, ಒಂದು ಗುಂಪು, ಗುರೇನಿಗೆ ಅಷ್ಟು ಸಾಕಾಯಿತು. ನೆಲ ಸುಮ್ಮನಾದ ಮೇಲೆ ಝಂಫಿರ ತಲೆಯೆತ್ತಿದರೆ ಚಿಮಣಿ ಇರಲಿಲ್ಲ. ಉಪವಾಸವಿದ್ದ ಊರಿನ ಮೇಲೆಲ್ಲ ಸುಟ್ಟ ಹಂದಿಮಾಂಸದ ವಾಸನೆ ಹರಡಿತ್ತು. ನ್ಯಾಗುವನ್ನು ಊರಿನ ಗಂಡಸರು ಕಂಬಳಿಯಲ್ಲಿ ಹೊತ್ತು ತಂದರು. ಆ ವರ್ಷ ಈಸ್ಟರಿಗೆ ಮಾಂಸ ಕೊಟ್ಟರೂ ಗುರೇನಿಯಲ್ಲಿ ಯಾರೂ ತಿನ್ನುತ್ತಿರಲಿಲ್ಲ.

ಪಟ್ಟಣದ ಕಾರ್ಖಾನೆಯಲ್ಲೂ ಅದೇ ದಿನ ಕೆಲವರು ಸತ್ತಿದ್ದರು. ಅವರಿಗೆ ಬಾವುಟ ಹೊದಿಸಿದರು, ಬ್ಯಾಂಡು ಬಾರಿಸಿದರು, ಗೇಟಿನ ಗೋಡೆಯ ಮೇಲೆ ಹೆಸರು ಬರೆಸಿದರು. ಝಂಫಿರ ಕರಿ ವಸ್ತ್ರ ತಲೆಗೆ ಕಟ್ಟಿಕೊಂಡು ಪಟ್ಟಣದಲ್ಲಿದ್ದ ಕ್ಯಾಪ್ಟನ್ ವಲ್ಸಾನನ ಕಚೇರಿಗೆ ಹೋದಳು. ಕ್ಯಾಪ್ಟನ್ ಎದ್ದು ನಿಂತು ಅವಳ ಕೈ ಹಿಡಿದ.

"ನಿಮ್ಮೂರು ದೇಶ ಉಳಿಸ್ತಮ್ಮ. ಅಷ್ಟೂ ಬಾಂಬು ಇಲ್ಲಿ ಬಿದ್ದಿದ್ರೆ ಗತಿ ಏನಾಗ್ತಿತ್ತು!"

"ಹಾಗಾದ್ರೆ ನಮ್ಮ ಯಜಮಾನ್ರ ಹೆಸರೂ ಆ ಗೋಡೆ ಮೇಲೆ ಬರೆಸಿ ಸ್ವಾಮಿ. ಜೀವಮಾನ ಎಲ್ಲ ಆ ಗೇಟಿನ ಮುಂದೆ ನಿಂತವರು. ಇನ್ನೇನೂ ಬೇಡ ನನಗೆ."

ಕ್ಯಾಪ್ಟನ್ ಕೈ ಬಿಟ್ಟ. "ಅದಾಗಲ್ಲಮ್ಮ, ಗುಟ್ಟಿನ ವಿಷಯ. ಗುರೇನಿಯಲ್ಲಿ ಅಂಥ ಕಾರ್ಖಾನೇನೇ ಇಲ್ಲ. ಕಾರ್ಖಾನೆ ಇಲ್ದೆ ಕಾವಲುಗಾರ ಎಲ್ಲಿಂದ ಬಂದ? ಕಾವಲುಗಾರನೇ ಇಲ್ಲ ಅಂದ್ಮೇಲೆ ಡ್ಯೂಟಿ ಮೇಲೆ ಸತ್ತಿದ್ದು ಯಾರು?"

"ಅಂದ್ರೆ, ಸತ್ತಿಲ್ವಾ?"

"ಸರ್ಕಾರದ ಪ್ರಕಾರ ಇಲ್ಲ."

"ಅಯ್ಯೋ, ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಅಂದಳು ಝಂಫಿರ. "ಹಾಗಾದ್ರೆ ಮನೆಗೆ ಕಳಿಸಿಕೊಡಿ ಸ್ವಾಮಿ. ಅವತ್ತಿಂದ ಊಟ ಮಾಡಿಲ್ಲ ಅವರು."

ಕ್ಯಾಪ್ಟನ್ ಕಿಟಕಿಯ ಕಡೆ ನೋಡಿದ. ಮುಂದಿನ ವಾರ ಹೊಸ ಹಲಗೆ ಬರುತ್ತದೆ, ಕಾರ್ಖಾನೆ ಚೆನ್ನಾಗಿ ಕೆಲಸ ಮಾಡಿತಲ್ಲ, ಅಲ್ಲೇ ಮತ್ತೆ ಕಟ್ಟುತ್ತೇವೆ ಅಂದ. ಇನ್ನೊಬ್ಬ ಕಾವಲುಗಾರ ಬೇಕು, ಊರಿನಲ್ಲಿ ಯಾರಾದರೂ ಇದ್ದಾರೆಯೇ ಅಂತಲೂ ಕೇಳಿದ. ಅವಳು ಬೆನ್ನು ತಿರುಗಿಸಿ ಹೊರಟಳು, ದಾರಿಯುದ್ದಕ್ಕೂ ಅತ್ತಳು.

ಹಲಗೆಯ ಲಾರಿಯ ಜೊತೆ ಕ್ಯಾಪ್ಟನ್ ಊರಿಗೆ ಬಂದಾಗ ಇಗರ್ಜಿಯ ಹಿಂದೆ ಹೊಸ ಶಿಲುಬೆಯೊಂದು ನಿಂತಿತ್ತು. ಒಡೆದ ಟ್ಯಾಂಕಿನ ಹಲಗೆಯಲ್ಲಿ ಮಾಡಿದ್ದು. ಬೂದು ಬಣ್ಣ ಹಾಗೇ ಇತ್ತು, ದೂರಕ್ಕೆ ಕಬ್ಬಿಣದ್ದು ಅನ್ನಿಸುತ್ತಿತ್ತು. ಅದರ ಮೇಲೆ ಬರೆದಿತ್ತು: ನ್ಯಾಗು, ಕಾರ್ಖಾನೆಯ ಕಾವಲುಗಾರ. ಅಂಚು ಸುಟ್ಟ ನೀಲಿ ಟೋಪಿಯನ್ನು ಝಂಫಿರ ಅದಕ್ಕೇ ಮೊಳೆ ಹೊಡೆದು ತೂಗುಹಾಕಿದ್ದಳು.

"ಇದನ್ನ ಅಳಿಸಬೇಕಮ್ಮ. ಶತ್ರುವಿನ ಗೂಢಚಾರರು ಓದಿದ್ರೆ ಕಾರ್ಖಾನೆ ಗುಟ್ಟು ಹೊರಗೆ ಬೀಳತ್ತೆ" ಅಂದ ಕ್ಯಾಪ್ಟನ್.

ಝಂಫಿರ ಶಿಲುಬೆಗೆ ಅಡ್ಡ ನಿಂತಳು. "ಯಾವ ಕಾರ್ಖಾನೆ ಸ್ವಾಮಿ?" ಅಂದಳು. "ಇಲ್ಲಿ ಅಂಥದ್ದೇನೂ ಇಲ್ಲ ಅಂತ ನೀವೇ ಹೇಳಿದ್ರಲ್ಲ."

ಕ್ಯಾಪ್ಟನ್ ಲಾರಿಯ ಕಡೆ ನಡೆದ. ಹೆಸರು ಹಾಗೇ ಉಳಿಯಿತು.