ಅರ್ಧ ಇಸ್ತ್ರಿಯಾದ ಅಂಗಿ

ನಮ್ಮ ಯಜಮಾನರು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಏಳುತ್ತಾರೆ. ನೀರು ಬೇಕು, ಉಪ್ಪು ಬೇಕು, ಬಾಗಿಲು ಸರಿಯಾಗಿ ಹಾಕಿಲ್ಲ, ಏನಾದರೊಂದು. ಇಪ್ಪತ್ತಾರು ವರ್ಷದಿಂದ ಇಸ್ತ್ರಿ ಅಂಗಡಿ ನಮ್ಮದು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಪರದೆ. ಬೆಳಿಗ್ಗೆ ಏಳಕ್ಕೆ ಕಂಬಳಿ ಹಾಸಿದ ಮೇಜಿನ ಮುಂದೆ ನಿಂತರೆ, ಕೈಗೆತ್ತಿಕೊಂಡ ಗಂಟು ಮುಗಿಯುವವರೆಗೆ ಜಪ್ಪಯ್ಯ ಎಂದರೂ ಬಿಡುವವರಲ್ಲ. ಮೊದಲು ಕಾಲರ್, ಆಮೇಲೆ ಹೆಗಲು, ಕಫ್, ತೋಳು, ಕೊನೆಗೆ ಬೆನ್ನು. ಈ ಕ್ರಮ ತಪ್ಪಿದರೆ ಅವರಿಗೆ ಊಟ ಸೇರುವುದಿಲ್ಲ.

ಆರು ವರ್ಷದ ಹಿಂದೆ ನೋವು ಶುರುವಾಯಿತು. ಸೊಂಟ ಎಂದರು, ಬೆನ್ನು ಎಂದರು, ಹೆಗಲು ಎಂದರು. ಬೆಲ್ಟು ಕಟ್ಟಿದ್ದಾಯಿತು, ಬಿಸಿನೀರಿನ ಚೀಲ ಇಟ್ಟಿದ್ದಾಯಿತು, ನೋವಿನ ಜಾಗಕ್ಕೆ ಕರೆಂಟ್ ಕೊಡಿಸಿದ್ದೂ ಆಯಿತು. ಮುಲಾಮಿನ ವಾಸನೆ ಗಿರಾಕಿಗಳ ಬಟ್ಟೆಗೂ ಹತ್ತಿ ಒಬ್ಬರು ಸೀರೆ ವಾಪಸ್ ತಂದರು. ಕೊನೆಗೆ ಸ್ಕ್ಯಾನ್ ಮಾಡಿಸಿದೆವು. ವಯಸ್ಸಿಗೆ ತಕ್ಕ ಸವೆತ, ಗಾಬರಿಪಡುವಂಥದ್ದು ಏನೂ ಇಲ್ಲ ಎಂದು ವರದಿ ಬಂತು. ಬೇರೆಯವರಾದರೆ ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರು ಬಿಡುತ್ತಿದ್ದರು. ಇವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಮುಖ ಸಪ್ಪೆ ಮಾಡಿಕೊಂಡು ನಿಂತುಬಿಟ್ಟರು. ಏನಾದರೂ ಸಿಕ್ಕಿದ್ದರೆ ಹೆಂಡತಿಗೆ ತೋರಿಸಬಹುದಿತ್ತು ಎಂದು ಅವರು ಆಸೆಪಟ್ಟಿದ್ದರೆಂಬುದು ನನಗೆ ಆಗ ಹೊಳೆಯಲಿಲ್ಲ.

ಏಕೆಂದರೆ ನಾನು ನಂಬಿರಲಿಲ್ಲ. ಹೇಗೆ ನಂಬಲಿ? ಮೈ ಹಗುರಾದ ದಿನ ಎರಡು ದಿನದ ಬಟ್ಟೆಯನ್ನು ಒಂದೇ ದಿನ ಮುಗಿಸಿ, ಅಟ್ಟ ಹತ್ತಿ ಧೂಳು ಹೊಡೆದು, ಪಕ್ಕದ ಮನೆಯವರ ಬೀರು ಎತ್ತಲೂ ಹೋಗುತ್ತಿದ್ದರು. ಮರುದಿನದಿಂದ ಮೂರು ದಿನ ಮಂಚ. “ನಿನ್ನೆ ಕುದುರೆ ಥರ ಓಡಾಡ್ತಿದ್ರಿ, ಇವತ್ತೇನು ಬಂತು?” ಎಂದು ಹಂಗಿಸುತ್ತಿದ್ದೆ. ಒಮ್ಮೆ ಭಾವ, ಅಂದರೆ ಇವರ ಅಣ್ಣ, ನಮ್ಮ ಮನೆಯಲ್ಲೇ ಕೂತು “ಸ್ಕ್ಯಾನಲ್ಲಿ ಸಿಗದ ನೋವು ಸೋಮಾರಿಗಳ ನೋವು” ಎಂದರು. ನಾನು ನಕ್ಕೆ. ಪರದೆಯ ಆಚೆ ಇಸ್ತ್ರಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಆವತ್ತಿನಿಂದ ಅವರು ನನ್ನ ಹತ್ತಿರ ನೋವಿನ ಮಾತೇ ಎತ್ತಲಿಲ್ಲ. ನರಳಬೇಕಾದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದರು.

ಎರಡು ರಸ್ತೆ ಆಚೆ ಹೊಸದಾಗಿ ಬಂದ ಫಿಸಿಯೋಥೆರಪಿಯವರ ಹತ್ತಿರ ನನಗೆ ಹೇಳದೆಯೇ ಹೋಗಿ ಬಂದರು. ಎರಡನೇ ಸಲ ಮನೆಯವರನ್ನು ಕರೆದುಕೊಂಡು ಬರಲು ಹೇಳಿದ್ದರಂತೆ. ಹೋದೆ. ಎರಡು ಮಂಚ, ಒಂದು ಕನ್ನಡಿ, ಕಿಟಕಿಯ ಸರಳಿಗೆ ಕಟ್ಟಿದ ಉದ್ದದ ರಬ್ಬರ್ ಪಟ್ಟಿ. ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವಳು. ಪರೀಕ್ಷೆ ಮುಗಿಸಿ ಮಂಚದಿಂದಿಳಿದ ಇವರು ಹಾಸಿಗೆಯ ಸುಕ್ಕೆಲ್ಲ ಎಳೆದು ಸರಿಮಾಡಿ, ಟವೆಲನ್ನೂ ನಾಲ್ಕು ಮಡಿಕೆ ಮಾಡಿಟ್ಟರು. “ಬಿಡಿ ಸಾರ್, ನಮ್ಮ ಆಯಾಗೆ ಕೆಲಸ ಇಲ್ಲದ ಹಾಗೆ ಮಾಡ್ತೀರಿ” ಎಂದು ಅವಳು ನಕ್ಕಳು.

ನಾನು ನೇರವಾಗಿ ಕೇಳಿದೆ. “ಇವರಿಗೆ ನಿಜವಾಗ್ಲೂ ನೋವಿದೆಯಾ?”

“ಇದೆ” ಎಂದಳು. “ಸ್ಕ್ಯಾನು ನೋವಿನ ಫೋಟೋ ತೆಗೆಯಲ್ಲ ಅಮ್ಮ. ಕಳ್ಳ ಹೋದಮೇಲೂ ನಾಯಿ ಬೊಗಳ್ತಾನೇ ಇರುತ್ತಲ್ಲ, ಹಾಗೆ ಇದು. ಕಳ್ಳ ಇಲ್ಲ ನಿಜ. ಬೊಗಳೋದಂತೂ ಸುಳ್ಳಲ್ಲ.”

ನಾಯಿ ಸುಮ್ಮನಾಗುವ ದಾರಿಯನ್ನೂ ಹೇಳಿದಳು. ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕು, ನಿಂತಾಗ ಒಂದು ಕಾಲನ್ನು ಮಣೆಯ ಮೇಲಿಡಬೇಕು, ರಬ್ಬರ್ ಪಟ್ಟಿ ಎಳೆಯಬೇಕು, ಕುರ್ಚಿಯಲ್ಲಿ ಕೂತು ಎದ್ದು ಮಾಡಬೇಕು, ದಿನಾ ಸ್ವಲ್ಪ ನಡೆಯಬೇಕು. ಇವರು ಎಲ್ಲಕ್ಕೂ ತಲೆಯಾಡಿಸಿದರು. ಕೊನೆಯದೊಂದು ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತು. ಹದಿನೈದು ನಿಮಿಷ ಇಸ್ತ್ರಿ, ಐದು ನಿಮಿಷ ಬಿಡುವು, ನೋವಿರಲಿ ಇಲ್ಲದಿರಲಿ.

“ನೋವು ಬಂದಮೇಲೆ ನಿಲ್ಲಿಸೋದಲ್ಲ ಸಾರ್. ಬರೋಕೆ ಮುಂಚೆ ನಿಲ್ಲಿಸಬೇಕು. ಚೆನ್ನಾಗಿದೀನಿ ಅನ್ಸೋ ದಿನಾನೂ ಅಷ್ಟೇ. ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡೋಣ.”

“ಅಂಗಿ ಅರ್ಧ ಆಗಿದ್ರೆ?”

“ಅರ್ಧಕ್ಕೇ ಬಿಡಿ.”

“ಒಂದು ತೋಳು ಆಗಿ ಒಂದು ತೋಳು ಉಳಿದಿದ್ರೆ?”

“ಉಳೀಲಿ ಸಾರ್.”

ತಲೆ ಬೋಳಿಸಿಕೊಳ್ಳಿ ಎಂದಿದ್ದರೂ ಇಷ್ಟು ಕಂಗಾಲಾಗುತ್ತಿರಲಿಲ್ಲ.

ಗಂಟೆ ಬಾರಿಸುವ ಕೆಲಸ ನನ್ನ ಫೋನಿಗೆ ಬಂತು. ಮೊದಲ ವಾರ ಬೇಡ ಆ ಪಾಡು. ಬಿಡುವಿನ ಐದು ನಿಮಿಷದಲ್ಲಿ ಇವರು ಚಪ್ಪಲಿ ಜೋಡಿಸಿದರು, ಹ್ಯಾಂಗರ್ ಎಣಿಸಿದರು, ಹೊಸಿಲಿಗೂ ಮೇಜಿಗೂ ಹದಿನಾಲ್ಕು ಸಲ ನಡೆದರು. ಅರ್ಧಕ್ಕೆ ಬಿಟ್ಟ ಅಂಗಿಯ ಕಡೆ ತಿರುಗಿ ತಿರುಗಿ ನೋಡಿದರು. ನಾನೇನು ಕಡಿಮೆಯೇ? ಬಟ್ಟೆ ರಾಶಿ ಬಿದ್ದಿರುವಾಗ ಗಂಡಸು ಕೈಕಟ್ಟಿ ನಿಂತರೆ ನನ್ನ ಮೈ ಉರಿಯುತ್ತದೆ. ಬೇಕೆಂದೇ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ಗಿರಾಕಿಗಳು ಕೇಳಿದರೆ ಕರೆಂಟಿಲ್ಲ, ಇಸ್ತ್ರಿ ಪೆಟ್ಟಿಗೆ ಕೆಟ್ಟಿದೆ ಎಂದು ನೆಪ ಹೇಳಿದೆ. ನೋವು ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ.

ಮೂರನೇ ವಾರ ಇವರ ಮೈ ಹಗುರಾಯಿತು. ರಾಶಿ ಸೊಂಟದೆತ್ತರ ಇತ್ತು. ಫೋನ್ ಬಾಯಿ ಮುಚ್ಚಿಸಿ ನಾನೇ ಹೇಳಿದೆ, “ಇವತ್ತು ಚೆನ್ನಾಗಿದ್ದೀರಲ್ಲ, ಮುಗಿಸಿಬಿಡಿ.” ಮುಗಿಸಿದರು. ಸಿಳ್ಳೆ ಕೂಡ ಹಾಕಿದರು. ಮರುದಿನ ಬೆಳಿಗ್ಗೆ ತಮ್ಮ ಅಂಗಿ ತಾವೇ ಹಾಕಿಕೊಳ್ಳಲು ಆಗಲಿಲ್ಲ. ಊರಿನ ಅಂಗಿಗಳನ್ನೆಲ್ಲ ನೆಟ್ಟಗೆ ಮಾಡುವ ಕೈ ತನ್ನದೇ ತೋಳಿಗೆ ತೂರಲಿಲ್ಲ. ನಾನು ತೊಡಿಸಿದೆ. ಬೆರಳಿಗೆ ಹೆಗಲು ಕಟ್ಟಿಗೆಯಂತೆ ಗಟ್ಟಿಯಾಗಿ ಸಿಕ್ಕಿತು, ಒಳಗೆ ಏನೋ ನಡುಗುತ್ತಿತ್ತು. ಅವರು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಕ್ಷಮಿಸಿ ಎನ್ನಲು ನಾಲಿಗೆ ಏಳಲಿಲ್ಲ, ಗುಂಡಿ ಹಾಕಿಕೊಟ್ಟು ಬಂದೆ.

ಹದಿನೈದು ಬಿಟ್ಟು ಹತ್ತು ನಿಮಿಷದಿಂದ ಮತ್ತೆ ಶುರುಮಾಡಿದೆವು. ಇವರ ಮೌನ ಮಾತ್ರ ಹಾಗೇ ಇತ್ತು. ಗಂಟೆ ಹೊಡೆದರೆ ನಿಲ್ಲಿಸುತ್ತಿದ್ದರು, ನನ್ನ ಮುಖ ನೋಡದೆ ಆಚೆ ಹೋಗುತ್ತಿದ್ದರು.

ಕಳೆದ ಸೋಮವಾರ ವಕೀಲರು ಬಂದರು. ಕೋರ್ಟಿಗೆ ಹೊತ್ತಾಗಿತ್ತು, ಬಿಳಿ ಅಂಗಿ ಕೊಟ್ಟು ಅಲ್ಲೇ ನಿಂತರು. ಕಾಲರ್ ಆಯಿತು, ಹೆಗಲಾಯಿತು, ಒಂದು ತೋಳಾಯಿತು. ಫೋನ್ ಕಿರುಚಿತು.

“ಇನ್ನೊಂದು ತೋಳು, ಬೆನ್ನು ಅಷ್ಟೇ ಅಲ್ವಾ? ಎಳೆದುಬಿಡಿ” ಎಂದರು ವಕೀಲರು.

ಯಜಮಾನರು ಪೆಟ್ಟಿಗೆ ಕೈಯಲ್ಲಿ ಹಿಡಿದೇ ನನ್ನತ್ತ ನೋಡಿದರು. ಇವತ್ತು ಯಾವ ಸುಳ್ಳು ಹೇಳುತ್ತಾಳೋ ಎಂದು ಕಾಯುವ ನೋಟ ಅದು. ಹೋಗಿ ಸ್ವಿಚ್ ಆರಿಸಿದೆ.

“ಐದು ನಿಮಿಷ ಕೂತ್ಕೊಳ್ಳಿ ಸಾರ್. ಇವರಿಗೆ ನೋವಿದೆ.”

“ನೋಡೋಕೆ ಗಟ್ಟಿಮುಟ್ಟಾಗಿದ್ದಾರಲ್ಲ?”

“ಕಾಣಲ್ಲ ಸಾರ್. ಆರು ವರ್ಷದಿಂದ ಇದೆ. ಜೊತೇಲೇ ಇದ್ದು ನನಗೂ ಕಾಣಲಿಲ್ಲ.”

ವಕೀಲರು ಗಡಿಯಾರ ನೋಡಿಕೊಂಡು ಬೆಂಚಿನ ಮೇಲೆ ಕೂತರು. ಇವರು ಪರದೆ ಸರಿಸಿ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ನನಗೆ ಬೆನ್ನು ಮಾಡಿ ನಿಂತಿದ್ದರು, ಭುಜ ಕುಲುಕುತ್ತಿತ್ತು.

“ಎಲ್ಲಿ ನೋಯುತ್ತೆ?” ಎಂದೆ.

ಅವರು ಕೈ ಹಿಂದೆ ಚಾಚಿ ನನ್ನ ಬೆರಳು ಹಿಡಿದು ಹೆಗಲ ಹಿಂದಿನ ರೆಕ್ಕೆಮೂಳೆಯ ಕೆಳಗೆ ಇಟ್ಟುಕೊಂಡರು. “ಇಲ್ಲಿ ಶುರುವಾಗುತ್ತೆ. ಆಮೇಲೆ ಹೀಗೇ ಕೆಳಗಿಳಿಯುತ್ತೆ.”

“ಇಲ್ಲಿಗಾ?”

“ಇನ್ನೂ ಕೆಳಗೆ.”

ಆರು ವರ್ಷದಲ್ಲಿ ನಾನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.